ಪರದೆಯ ಕೆಳಗಿನ ಎರಡು ಸಾಲು

ಅಕ್ಟೋಬರ್ 5, ಭಾನುವಾರ

ಸೋಫಾದಲ್ಲಿ ಮೂರು ಜನ ಕೂರಬಹುದು. ನಡುವೆ ಮಗಳು, ಅವಳ ಬಲಕ್ಕೆ ಬೀಗರು, ಎಡಕ್ಕೆ ಬೀಗರ ದಿಂಬು. ನನಗೆ ಬಾಗಿಲ ಪಕ್ಕದ ಕುರ್ಚಿ. ಅಲ್ಲಿಂದ ಟಿ.ವಿ. ಓರೆಯಾಗಿ ಕಾಣುತ್ತದೆ. ನಾಯಕಿ ಎಷ್ಟೇ ಚೆಲುವೆಯಾಗಿರಲಿ, ಮುಖ ಸೌತೆಕಾಯಿಯಾಗುತ್ತದೆ.

ಟು ಬಿಗಿನ್ ವಿತ್, ಇದು ಯಾರ ಮೇಲೂ ದೂರಲ್ಲ. ಮನೆ ಅಳಿಯನದು. ಅವನು ಹಡಗಿನ ಇಂಜಿನಿಯರ್, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಬೀಗರು ಅವನ ತಂದೆ, ಆದ್ದರಿಂದ ಅವರು ಮಗನ ಮನೆಯಲ್ಲಿದ್ದಾರೆ. ನಾನು ಇವಳು, ನನ್ನ ಹೆಂಡತಿ, ತೀರಿಹೋದ ಮೇಲೆ ಕನ್ನಡಕದ ಅಂಗಡಿ ಮುಚ್ಚಿ ಬಂದವನು, ಆದ್ದರಿಂದ ಮಗಳ ಮನೆಯಲ್ಲಿದ್ದೇನೆ. ಇಬ್ಬರೂ ತಿನ್ನುವುದು ಒಂದೇ ಮೇಜಿನ ಮೇಲೆ. ಆದರೆ ಕುರ್ಚಿ ಎಳೆಯುವಾಗ ಸದ್ದು ಮಾಡದವನು ನಾನೊಬ್ಬನೇ.

ಈ ಪುಸ್ತಕವೂ ಅಂಗಡಿಯದೇ. ಪ್ರತಿ ಪುಟದ ತಲೆಯಲ್ಲಿ ಬಲಗಣ್ಣು, ಎಡಗಣ್ಣು ಎಂದು ಅಚ್ಚಾಗಿದೆ. ಮೂವತ್ತೆಂಟು ವರ್ಷ ಪವರ್ ಬರೆದ ಜಾಗದಲ್ಲಿ ಈಗ ಹೊಟ್ಟೆಯುರಿ ಬರೆಯುತ್ತಿದ್ದೇನೆ.

ಇವತ್ತಿನ ಚಿತ್ರದಲ್ಲಿ ಹತ್ತು ನಿಮಿಷ ಒಂದು ಹಗ್ಗದ ಮೇಲೆ ಬಟ್ಟೆ ಒಣಗಿತು. ಮುಗಿದ ಮೇಲೆ ಮಾವ ಸೊಸೆ ಒಂದು ಗಂಟೆ ಮಾತಾಡಿದರು. ಬೆಳಕಂತೆ, ಮೌನವಂತೆ. ಬೀಗರು ಬ್ಯಾಂಕಿನಲ್ಲಿದ್ದಾಗ ಮೂವತ್ತು ವರ್ಷ ಚಿತ್ರಸಮಾಜ ನಡೆಸಿದವರು, ರೀಲಿನ ಡಬ್ಬಿ ಹೆಗಲ ಮೇಲೆ ಹೊತ್ತವರು. ನಾನು ಒಂದೇ ಪ್ರಶ್ನೆ ಕೇಳಿದೆ: "ಕೊನೇಲಿ ಆ ಮುದುಕ ಸತ್ತನೋ ಬದುಕಿದನೋ?"

ಇಬ್ಬರೂ ನಕ್ಕರು. ಮಗಳು, "ಅಪ್ಪ, ಅದು ಮುಖ್ಯ ಅಲ್ಲ" ಎಂದಳು.

ಮುದುಕ ಸತ್ತಿದ್ದು ಮುಖ್ಯವಲ್ಲವಂತೆ. ನನ್ನ ವಯಸ್ಸಿನವನು ಇದನ್ನು ಹೇಗೆ ತೆಗೆದುಕೊಳ್ಳಬೇಕು?

ಆಮೇಲೆ ನನ್ನ ಕಡೆ ತಿರುಗಿ, "ಮಾತ್ರೆ ತಗೊಂಡ್ಯಾ?" ಎಂದಳು. ಅವರ ಹತ್ತಿರ ಬೆಳಕು, ಮೌನ. ನನ್ನ ಹತ್ತಿರ ಮಾತ್ರೆ.

ಅಕ್ಟೋಬರ್ 7, ಮಂಗಳವಾರ

ಟಿ.ವಿ. ಹಾಕಿದರೆ ಯಾರು ನೋಡುತ್ತಿದ್ದೀರಿ ಎಂದು ಕೇಳುತ್ತದೆ. ಸಾಲಾಗಿ ಚಿತ್ರಗಳು. ಮಗಳದು ನರಿ. ಅಳಿಯನದು ಹಡಗು. ಬೀಗರದು ಗೂಬೆ, ಕೆಳಗೆ ಪ್ರೀತಿಯಿಂದ 'ಮಾವ' ಎಂದು ಬರೆದಿದೆ. ಕೊನೆಯಲ್ಲಿ ಒಂದು ಬೂದು ಬಣ್ಣದ ತಲೆ, ಕಣ್ಣಿಲ್ಲ ಮೂಗಿಲ್ಲ. ಕೆಳಗೆ 'ಗೆಸ್ಟ್'.

ನಾನು ಗೆಸ್ಟ್.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಎನ್ವಿ ಬೇರೆ, ಜೆಲಸಿ ಬೇರೆ ಎಂದು ಒಂದು ಗಂಟೆ ವಿವರಿಸಿದ್ದರು. ಒಂದು ಇನ್ನೊಬ್ಬರದು ನಮಗಿಲ್ಲವಲ್ಲ ಎಂಬುದು. ಇನ್ನೊಂದು ನಮ್ಮದು ಇನ್ನೊಬ್ಬರ ಪಾಲಾಯಿತಲ್ಲ ಎಂಬುದು. ಯಾವುದು ಯಾವುದೆಂದು ಮರೆತಿದೆ. ನನಗೆ ಎರಡೂ ಇವೆ.

ಅಕ್ಟೋಬರ್ 12, ಭಾನುವಾರ

ನವೆಂಬರ್ ಒಂದರಿಂದ ಒಂಬತ್ತರವರೆಗೆ ಚಿತ್ರೋತ್ಸವ ಮನೆಗೇ ಬರುತ್ತದಂತೆ. ಪಾಸ್ ತೆಗೆದುಕೊಂಡರೆ ದಿನಕ್ಕೊಂದು ಚಿತ್ರ ಟಿ.ವಿ.ಯಲ್ಲೇ ತೆರೆದುಕೊಳ್ಳುತ್ತದೆ, ಒಂದು ದಿನದೊಳಗೆ ನೋಡದಿದ್ದರೆ ಮುಚ್ಚಿಕೊಳ್ಳುತ್ತದೆ. ಎಲ್ಲವೂ ಹೊಚ್ಚ ಹೊಸವು, ಎಲ್ಲೂ ತೋರಿಸಿಲ್ಲದವು. ಮಗಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್, ವಾರದ ದಿನ ಅವಳಿಗೆ ಬಿಡುವಿಲ್ಲ. "ನೀವು ಮಧ್ಯಾಹ್ನ ನೋಡಿ ಮಾವ, ಸಂಜೆ ಚಹಾ ಕುಡೀತಾ ನನಗೆ ಹೇಳಿ. ಭಾನುವಾರ ಒಟ್ಟಿಗೆ ನೋಡೋಣ" ಎಂದಳು.

ಬೀಗರು ಖುಷಿಪಡಬೇಕಿತ್ತು. "ಎಲ್ಲಾ ಹೊಸವಾ? ಯಾರೂ ಏನೂ ಬರೆದಿಲ್ವಾ?" ಎಂದು ಎರಡು ಸಲ ಕೇಳಿದರು.

ಇನ್ನೊಂದು ವಿಷಯ. ಇವತ್ತಿನ ಚಿತ್ರದಲ್ಲಿ ಒಂದು ನಗೆಮಾತು ಬಂತು. ಮಗಳು ನಕ್ಕ ಮೇಲೆ ಬೀಗರು ನಕ್ಕರು. ಪ್ರತಿ ಸಲ ಹಾಗೆಯೇ. ಕತ್ತನ್ನು ಒಂದಿಷ್ಟು ಓರೆ ಹಿಡಿದು, ಟಿ.ವಿ.ಯ ಪಕ್ಕದ ಗೋಡೆಯನ್ನು ನೋಡುವವರಂತೆ ನೋಡುತ್ತಾರೆ. ಆ ಕತ್ತು ನನಗೆ ಎಲ್ಲೋ ಪರಿಚಯ.

ಅಕ್ಟೋಬರ್ 15, ಬುಧವಾರ

ಸಿಕ್ಕಿಬಿದ್ದರು.

ಮಧ್ಯಾಹ್ನ ಇಬ್ಬರೇ ಇದ್ದೆವು. ಯಾವಾಗಲೂ ಹಾಗೆ, ರಿಮೋಟನ್ನು ನನ್ನ ಕೈಗಿಟ್ಟು "ನೀವೇ ಹಾಕಿ ಬೀಗರೇ" ಎಂದರು. ದೊಡ್ಡ ಹಣ ಕೊಡುವವರಿಗೆ ಮಾತ್ರ ಬರುವ ಚಾನೆಲ್ಲಿನದೊಂದು ಹೊರದೇಶದ ಧಾರಾವಾಹಿ. ನಾನು ಎಲ್ಲೋ ಒತ್ತಲು ಹೋಗಿ ಎಲ್ಲೋ ಒತ್ತಿದೆ. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದ ಎರಡು ಸಾಲು ಮಾಯವಾಗಿ ಇನ್ಯಾವುದೋ ಲಿಪಿ ಬರತೊಡಗಿತು. ಕೊಕ್ಕೆ, ಚುಕ್ಕೆ, ಗುಂಡಿ ಬಿಚ್ಚಿ ಚೆಲ್ಲಿದ ಹಾಗೆ. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ನಲವತ್ತು ನಿಮಿಷ ಅದನ್ನೇ ನೋಡಿದರು. ತಲೆಯಾಡಿಸಿದರು. ಮುಗಿದ ಮೇಲೆ ನಿಟ್ಟುಸಿರು ಬಿಟ್ಟು, "ಏನು ಸಂಭಾಷಣೆ ಬರೀತಾರೆ ಬೀಗರೇ, ಒಂದು ಮಾತು ಹೆಚ್ಚಿಲ್ಲ" ಎಂದರು.

ಕತ್ತು ಎಲ್ಲಿಯದೆಂದು ಆಗ ನೆನಪಾಯಿತು. ಲೈಸೆನ್ಸಿಗೆ ಕಣ್ಣು ತೋರಿಸಲು ಬರುತ್ತಿದ್ದ ಲಾರಿ ಡ್ರೈವರುಗಳದು. ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಗಡಗಡ ಒಪ್ಪಿಸುತ್ತಿದ್ದರು. ಅವರಿಗಾಗಿಯೇ ನಾನು ಇನ್ನೊಂದು ಹಲಗೆ ಮಾಡಿಸಿಟ್ಟಿದ್ದೆ. ಹಲಗೆ ಬದಲಾಯಿಸಿದ್ದು ತಿಳಿಯದೆ ಹಳೆಯದನ್ನೇ ಒಪ್ಪಿಸಿದವರು ಎಷ್ಟೋ ಜನ.

ಬೀಗರಿಗೆ ಚಿತ್ರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಬೆಳಗಿನ ಹೊತ್ತು ಬಾಲ್ಕನಿಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂರುವುದು ಭಜನೆ ಕೇಳಲಿಕ್ಕೆ ಅಂದುಕೊಂಡಿದ್ದೆ. ಅಲ್ಲ, ಚಿತ್ರಗಳ ವಿಮರ್ಶೆಯನ್ನು ಫೋನ್ ಓದಿ ಹೇಳುತ್ತದೆ. ಅದನ್ನೇ ಭಾನುವಾರ ನನ್ನ ಮಗಳಿಗೆ ಒಪ್ಪಿಸುವುದು.

ಇವತ್ತು ಊಟ ರುಚಿಸಿತು.

ಅಕ್ಟೋಬರ್ 17, ಶುಕ್ರವಾರ

ಭಾನುವಾರಕ್ಕೆ ಮಾತು ತಯಾರು: "ಬೀಗರೇ, ನನ್ನ ಕನ್ನಡಕ ಒಳಗಿದೆ. ಕೆಳಗೆ ಏನು ಬರ್ದಿದಾರೆ, ಸ್ವಲ್ಪ ಓದಿ." ಅಷ್ಟೇ ಸಾಕು. ಕನ್ನಡಿಯ ಮುಂದೆ ನಾಲ್ಕು ಸಲ ಹೇಳಿ ನೋಡಿದೆ. ಮುಖದಲ್ಲಿ ಮುಗ್ಧತೆ ಬರುತ್ತಿಲ್ಲ.

ಅಕ್ಟೋಬರ್ 19, ಭಾನುವಾರ

ಹೇಳಿದೆ.

ಬೀಗರ ಕೈ ಸೋಫಾದ ಅಂಚನ್ನು ಹಿಡಿದುಕೊಂಡಿತು. ಮಗಳು ಅವರತ್ತ ನೋಡಿದಳು, ಪರದೆಯತ್ತ ನೋಡಿದಳು. ಇನ್ನೊಂದು ಸಲ "ಓದಿ ಬೀಗರೇ" ಎಂದಿದ್ದರೆ ಆಟ ಮುಗಿಯುತ್ತಿತ್ತು. ಲೈಸೆನ್ಸ್ ಹೋದರೆ ಮನೆಯೇ ಹೋಯಿತೆಂದು ಗೊತ್ತಿದ್ದ ಡ್ರೈವರ್ ಒಬ್ಬ ನನ್ನ ಅಂಗಡಿಯ ಸ್ಟೂಲನ್ನು ಹೀಗೆಯೇ ಹಿಡಿದಿದ್ದ.

"ಇರ್ಲಿ ಬಿಡಿ, ಕನ್ನಡಕ ಜೇಬಲ್ಲೇ ಇದೆ" ಎಂದೆ.

ಏಕೆ ಹಾಗೆಂದೆನೋ ತಿಳಿಯದು. ನಾಳೆ ಹೇಳುತ್ತೇನೆ.

ಅಕ್ಟೋಬರ್ 20, ಸೋಮವಾರ

ಮಗಳು ಶಾಲೆಗೆ ಹೋದ ಮೇಲೆ ಬೀಗರೇ ನನ್ನ ಕೋಣೆಗೆ ಬಂದರು. ಏಳು ತಿಂಗಳಲ್ಲಿ ಮೊದಲ ಸಲ. ನಿಂತೇ ಇದ್ದರು.

"ಗೊತ್ತಾಯ್ತು, ಅಲ್ವಾ?"

"ಎಷ್ಟು ದಿನದಿಂದ?"

"ಆರು ತಿಂಗಳು. ಮೊದಲು ಒಂದೇ ಕಣ್ಣಿತ್ತು. ಈಗ ಇನ್ನೊಂದೂ ಶುರು ಮಾಡ್ಕೊಂಡಿದೆ."

ಈ ಪುಸ್ತಕದ ಹಾಳೆ ಹರಿದು ಅಡ್ಡ ಉದ್ದ ಗೆರೆ ಎಳೆದು ಚೌಕುಳಿ ಮಾಡಿದೆ, ನಡುವೆ ಒಂದು ಚುಕ್ಕೆ ಇಟ್ಟೆ. ಒಂದು ಕಣ್ಣು ಮುಚ್ಚಿಸಿ ಚುಕ್ಕೆಯನ್ನೇ ನೋಡಲು ಹೇಳಿದೆ.

"ಯಾವ ಚುಕ್ಕೆ?" ಎಂದರು. "ಗೆರೆ ಎಲ್ಲಾ ನೀರಲ್ಲಿ ನೋಡಿದ ಹಾಗೆ ಬಾಗಿವೆ. ನಡುವೆ ಯಾರೋ ಮಸಿ ಹಚ್ಚಿದ ಹೆಬ್ಬೆಟ್ಟು ಒತ್ತಿದಾರೆ."

ಇದು ಕನ್ನಡಕದಿಂದ ಸರಿಹೋಗುವುದಲ್ಲ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಕೆಟ್ಟಿದೆ. ತಡ ಮಾಡಿದಷ್ಟೂ ಹೋಗುತ್ತದೆ, ಹೋದದ್ದು ಬರುವುದಿಲ್ಲ. ಹೇಳಿದೆ.

"ನಿಮ್ಮ ಸೊಸೆಗೆ ಯಾಕೆ ಹೇಳ್ಲಿಲ್ಲ?"

ಆಗ ಮಂಚದ ತುದಿಗೆ ಕೂತರು. "ಭಾನುವಾರ ಹೋಗಿಬಿಡ್ತದೆ ಬೀಗರೇ. ಅವಳು ನನ್ನ ಹತ್ರ ಮಾತಾಡೋದು ಸಿನಿಮಾ ಒಂದೇ. ಅದೂ ಇಲ್ಲ ಅಂದ್ರೆ ನಾನು ಈ ಮನೇಲಿ ಕೈ ಹಿಡಿದು ನಡೆಸಬೇಕಾದ ಒಬ್ಬ ಮುದುಕ. ನಿಮಗೇನು, ನೀವು ಹೆತ್ತವರು. ನಿಮ್ಮನ್ನ ದಿನಾ ಬಯ್ತಾಳೆ. ಮಾತ್ರೆ ತಗೊಂಡ್ಯಾ, ಸ್ವೆಟರ್ ಎಲ್ಲಿ, ಇಷ್ಟು ಹೊತ್ತು ಯಾಕೆ ಕೂತಿದ್ದೆ ಅಂತ. ಆರು ವರ್ಷ ಆಯ್ತು, ನನ್ನನ್ನ ಒಂದು ಸಲವೂ ಬಯ್ದಿಲ್ಲ."

ಇದಕ್ಕೆ ಹೊಟ್ಟೆಕಿಚ್ಚುಪಡುವವರೂ ಇದ್ದಾರೆಯೇ? ನಗು ಬಂತು, ನಗಲಿಲ್ಲ.

"ಈ ವಾರವೇ ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು" ಎಂದೆ.

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಸಂಜೆ ಐದಕ್ಕೆ ನನ್ನ ಮಗಳು ಬರ್ತಾಳೆ."

ಅವರೂ ಬ್ಯಾಂಕಿನಲ್ಲಿದ್ದವರು, ಸುಮ್ಮನೆ ಒಪ್ಪುವುದಿಲ್ಲ. ಉತ್ಸವ ಮುಗಿಯುವವರೆಗೆ ನಾನು ಬಾಯಿ ಬಿಡಕೂಡದು. ಅಲ್ಲಿಯವರೆಗೆ ಮಧ್ಯಾಹ್ನದ ಚಿತ್ರಗಳ ಎರಡು ಸಾಲನ್ನು ನಾನು ಕನ್ನಡದಲ್ಲಿ ಓದಿ ಹೇಳಬೇಕು. ಹೊಸ ಚಿತ್ರಗಳಿಗೆ ವಿಮರ್ಶೆ ಇಲ್ಲವಲ್ಲ, ಫೋನಿಗೇ ಏನೂ ಗೊತ್ತಿಲ್ಲ.

"ನಿಮ್ಮ ಇಂಗ್ಲಿಷ್ ಹೇಗೆ?" ಎಂದು ಕೇಳಿದರು.

"ಫಸ್ಟ್ ಕ್ಲಾಸ್" ಎಂದೆ. ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಸೆಕೆಂಡ್ ಕ್ಲಾಸ್.

ಅಕ್ಟೋಬರ್ 23, ಗುರುವಾರ

ಕಣ್ಣಿನ ಆಸ್ಪತ್ರೆ. ಕಣ್ಣಿಗೇ ಇಂಜೆಕ್ಷನ್ ಕೊಟ್ಟರು, ತಿಂಗಳಿಗೊಂದರಂತೆ ಇನ್ನೂ ಎರಡು. ಹೋದದ್ದು ಹೋಯಿತು, ಉಳಿದದ್ದು ಉಳಿಯಬಹುದು ಎಂದರು ಡಾಕ್ಟರಮ್ಮ. ಬೀಗರು ಹೊರಗೆ ಬರುವಾಗ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಮೆಟ್ಟಿಲು ಮುಗಿದರೂ ಬಿಡಲಿಲ್ಲ, ಕೈ ಜೋಮು ಹಿಡಿಯಿತು.

ಕೌಂಟರಿನ ಹುಡುಗಿ ಫಾರಂ ತುಂಬುತ್ತ, "ನೀವು ಪೇಷೆಂಟಿಗೆ ಏನಾಗ್ಬೇಕು?" ಎಂದಳು.

"ಬೀಗರು."

"ಅದು ಇದರಲ್ಲಿಲ್ಲ ಸರ್. ಬ್ರದರ್, ಫ್ರೆಂಡ್, ಅದರ್ಸ್ ಇದೆ."

"ಅದರ್ಸ್ ಹಾಕಮ್ಮ" ಎಂದೆ. ಫ್ರೆಂಡ್ ಎನ್ನಲು ನನಗೇನು ತಲೆ ಕೆಟ್ಟಿದೆಯೇ?

ಸಂಜೆ ಮಗಳಿಗೆ ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿದೆವು. ಧೂಳಿನ ವಿಷಯದಲ್ಲಿ ನಾನು ತಜ್ಞ, ನಂಬಿದಳು.

ನವೆಂಬರ್ 1, ಶನಿವಾರ

ಉತ್ಸವ ಶುರು. ಮಗಳಿಗೆ ಶಾಲೆಯಲ್ಲಿ ರಾಜ್ಯೋತ್ಸವವಿತ್ತು. ಗೂಬೆಯನ್ನು ಒತ್ತಿ ಚಿತ್ರ ಹಾಕಿದೆ. ಓದಬೇಕಾದವನು ಹತ್ತಿರ ಕೂರಬೇಕಲ್ಲ, ದಿಂಬನ್ನು ಕೆಳಗಿಟ್ಟರು.

ಓದುವುದು ಸುಲಭವಲ್ಲ. ಒಂದು ಸಾಲನ್ನು ಕನ್ನಡ ಮಾಡುವಷ್ಟರಲ್ಲಿ ಮೂರು ಸಾಲು ಹೋಗಿರುತ್ತವೆ. ಸಿಸ್ಟರ್ ಇನ್ ಲಾ ಎಂದು ಬಂತು. ನಾದಿನಿ ಎಂದೆ. ಅರ್ಧ ಗಂಟೆಯಾದ ಮೇಲೆ ನೋಡಿದರೆ ಅವಳು ಅಣ್ಣನ ಹೆಂಡತಿ.

"ನಾದಿನಿ ಅಲ್ಲ, ಅತ್ತಿಗೆ" ಎಂದೆ.

"ಅಯ್ಯೋ, ಮೊದಲೇ ಹೇಳೋದಲ್ವಾ? ನಾನು ಇಷ್ಟು ಹೊತ್ತು ಅವನನ್ನ ಒಳ್ಳೆಯವನು ಅಂದ್ಕೊಂಡಿದ್ದೆ."

"ಅವರ ಭಾಷೇಲಿ ಎಲ್ಲರಿಗೂ ಒಂದೇ ಪದ, ನಾನೇನು ಮಾಡ್ಲಿ?"

"ಅಂದಾಜು ಮಾಡಿ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಗೊತ್ತಿಲ್ಲದ ಪದಗಳನ್ನು ಅಂದಾಜಿನಲ್ಲೇ ತುಂಬಿದೆ. ಎರಡು ಗಂಟೆ ಗಂಟಲು ಹರಿದುಕೊಂಡದ್ದಕ್ಕೆ ಕೊನೆಗೆ ಸಿಕ್ಕ ಬಹುಮಾನ: "ಸ್ವಲ್ಪ ವೇಗ ಸಾಲದು."

ನವೆಂಬರ್ 3, ಸೋಮವಾರ

ಅಕ್ಷರ ಸೊಟ್ಟ ಬಂದರೂ ಇವತ್ತು ಬರೆಯಲೇಬೇಕು.

ಮಧ್ಯಾಹ್ನದ ಚಿತ್ರದಲ್ಲಿ ಒಬ್ಬ ದೋಣಿ ರಿಪೇರಿಯವನು ತಾಯಿ ಸತ್ತ ಮೇಲೆ ಮನೆಗೆ ಬೀಗ ಹಾಕುತ್ತಾನೆ. ಗೋಡೆಯನ್ನು ಮುಟ್ಟಿ ಏನೋ ಹೇಳುತ್ತಾನೆ. ಆ ಸಾಲಿನಲ್ಲಿ ನನಗೆ ಒಂದು ಪದ ಬರಲಿಲ್ಲ. ಬೀಗರು ಕಾಯುತ್ತಿದ್ದರು. ಬಾಯಿಗೆ ಬಂದದ್ದು ಹೇಳಿದೆ: "ಬೀಗ ಹಾಕಿದ ಮೇಲೂ, ಒಳಗಡೆ ಯಾರೋ ದೀಪ ಆರಿಸೋದು ಮರೆತ ಹಾಗಿದೆ ಅಂತಾನೆ." ನಮ್ಮ ಮನೆಗೆ ಬೀಗ ಹಾಕಿದ ದಿನ ನನಗೆ ಹಾಗೆ ಅನಿಸಿತ್ತು. ಎರಡು ಸಲ ಬಾಗಿಲು ತೆಗೆದು ನೋಡಿ ಬಂದಿದ್ದೆ.

ಸಂಜೆ ಚಹಾದ ಹೊತ್ತಿಗೆ ಬೀಗರು ಮಗಳಿಗೆ ಕಥೆ ಹೇಳಿದರು. ಅದೇ ಮಾತನ್ನು ನಿಲ್ಲಿಸಿ ನಿಲ್ಲಿಸಿ, ಮೆಲ್ಲಗೆ, ತಮ್ಮ ಗಂಭೀರ ದನಿಯಲ್ಲಿ ಹೇಳಿದರು. ಮಗಳು ಲೋಟ ಕೆಳಗಿಟ್ಟಳು. ಕಣ್ಣು ತುಂಬಿತು. "ಅಮ್ಮ ನೆನಪಾದ್ಲು ಮಾವ" ಎಂದಳು. ಅವರು ಅವಳ ತಲೆ ಸವರಿದರು.

ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದೆ.

ಇವಳು ಹೋಗಿ ವರ್ಷವಾಗುತ್ತ ಬಂತು. ಮಗಳು ನನ್ನೆದುರು ಒಂದು ಸಲವೂ ಅಮ್ಮ ನೆನಪಾದಳು ಎಂದಿಲ್ಲ. ನನ್ನ ಮಾತು, ನನ್ನ ಬೀಗ, ನನ್ನ ದೀಪ, ನನ್ನ ಮಗಳು, ನನ್ನ ಹೆಂಡತಿ. ತಲೆ ಸವರಿದ ಕೈ ಮಾತ್ರ ಅವರದು.

ನಿಘಂಟು ತೆಗೆದು ಆ ಪದ ನೋಡಿದೆ. ಮಿಲ್ಡ್ಯೂ. ಅವನು ಹೇಳಿದ್ದು ಇಷ್ಟೇ: ಗೋಡೆಗೆ ಬೂಷ್ಟು ಹಿಡಿದಿದೆ.

ನವೆಂಬರ್ 4, ಮಂಗಳವಾರ

ಓದಲಿಲ್ಲ. ಚಿತ್ರ ಹಾಕಿಕೊಟ್ಟು, ತಲೆನೋವು ಎಂದು ಕೋಣೆಗೆ ಹೋಗಿ ಮಲಗಿದೆ. ಹೊರಗೆ ಚಿತ್ರ ಓಡುತ್ತಿತ್ತು, ಅರ್ಥವಾಗದ ಭಾಷೆ ಗೋಡೆಯಾಚೆ ಕೇಳುತ್ತಿತ್ತು. ನಡುವೆ ಒಮ್ಮೆ ಬೀಗರ ದನಿ, ತುಂಬ ಮೆಲ್ಲಗೆ: "ಏನಂತೆ ಬೀಗರೇ?"

ನಾನು ಪಕ್ಕದಲ್ಲಿಲ್ಲವೆಂಬುದು ಮರೆತಿದ್ದರೋ ಏನೋ.

ನವೆಂಬರ್ 5, ಬುಧವಾರ

ನಿದ್ದೆ ಸರಿಯಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಇವಳನ್ನು ಇಂಗ್ಲಿಷ್ ಸಿನಿಮಾಗಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಾಲೇಜು ಓದಿದವನೆಂದು ತಿಳಿಯಬೇಕಲ್ಲ. ಇವಳು ಐದು ನಿಮಿಷಕ್ಕೊಮ್ಮೆ ನನ್ನ ಕಿವಿಯ ಹತ್ತಿರ ಬಂದು "ಏನಂತೆ ರೀ?" ಎನ್ನುವಳು. "ಸುಮ್ನೆ ನೋಡು, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದೆ. ಆಮೇಲೆ ಹೇಳುತ್ತಿರಲಿಲ್ಲ. ಕೆಲವು ವರ್ಷಗಳಾದ ಮೇಲೆ ಇವಳು ಕೇಳುವುದನ್ನು ಬಿಟ್ಟಳು. ಆಮೇಲೆ ಸಿನಿಮಾಕ್ಕೆ ಬರುವುದನ್ನೂ ಬಿಟ್ಟಳು.

ಯಾಕೆ ಹೇಳುತ್ತಿರಲಿಲ್ಲ ಎಂದರೆ ನನಗೂ ತಿಳಿಯುತ್ತಿರಲಿಲ್ಲ. ಇದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ.

ಮಧ್ಯಾಹ್ನ ಹೋಗಿ ಬೀಗರ ಪಕ್ಕ ಕೂತೆ. "ತಲೆನೋವು ಹೋಯ್ತಾ?" ಎಂದರು. "ಇನ್ನೂ ಇದೆ" ಎಂದೆ. "ಹಾಗಿದ್ರೂ ಓದಿ" ಎಂದರು. ದಿಂಬು ಆಗಲೇ ಕೆಳಗಿತ್ತು.

ನವೆಂಬರ್ 7, ಶುಕ್ರವಾರ

ಮೂರು ಗಂಟೆಯ ಚಿತ್ರ. ಗಂಡಸಿಗೆ ಒಂದು ದನಿ, ಹೆಂಗಸಿಗೆ ಒಂದು ದನಿ ಮಾಡಿದೆ. ಮಗುವಿನ ದನಿ ಮಾಡಿದಾಗ ಬೀಗರು ಕೆಮ್ಮಿ ಕೆಮ್ಮಿ ನಕ್ಕರು, ಮಗು ಅಳುತ್ತಿತ್ತು. ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಳ್ಳುವುದು ಒಳ್ಳೆಯದು. ಬೇರೆ ವಿಶೇಷವಿಲ್ಲ.

ನವೆಂಬರ್ 9, ಭಾನುವಾರ

ಉತ್ಸವದ ಕೊನೆಯ ಚಿತ್ರ. ಭಾನುವಾರ, ಮಗಳಿದ್ದಳು. ಆದ್ದರಿಂದ ನಾನು ಬಾಗಿಲ ಪಕ್ಕದ ಕುರ್ಚಿಗೆ ಹೋದೆ, ದಿಂಬು ಸೋಫಾಕ್ಕೆ ಮರಳಿತ್ತು. ಚಿತ್ರ ಶುರುವಾಗಿ ಐದು ನಿಮಿಷವಾಗಿರಬಹುದು. ಬೀಗರು ಮಗಳಾಚೆಗೆ ಕೈ ಚಾಚಿ ದಿಂಬನ್ನು ಎತ್ತಿ ಕೆಳಗೆ ಹಾಕಿದರು.

"ಬೀಗರೇ, ಇಲ್ಲಿ ಬನ್ನಿ. ಓದಿ."

"ಅಪ್ಪ ಯಾಕೆ ಓದ್ಬೇಕು ಮಾವ?" ಎಂದಳು ಮಗಳು.

"ನನಗೆ ಕಾಣಲ್ಲಮ್ಮ. ಆರೇಳು ತಿಂಗಳಾಯ್ತು. ಅವತ್ತು ಧೂಳು ಅಂದಿದ್ದು ಸುಳ್ಳು, ಇಬ್ಬರೂ ಬಸ್ಸಲ್ಲಿ ಹೋಗಿ ಕಣ್ಣಿಗೆ ಇಂಜೆಕ್ಷನ್ ಹಾಕಿಸ್ಕೊಂಡು ಬಂದ್ವಿ. ಈ ವಾರ ನಾನು ಹೇಳಿದ ಕಥೆಯೆಲ್ಲ ನಿಮ್ಮಪ್ಪ ಓದಿ ಹೇಳಿದ್ದು." ಆಮೇಲೆ ನನ್ನತ್ತ ಕೈ ತೋರಿಸಿ, "ಆ ದೀಪದ ಮಾತು ಸಿನಿಮಾದ್ದಲ್ಲ ಅಂತ ನನಗೆ ಅವತ್ತೇ ಗೊತ್ತಾಯ್ತು. ಆ ಮಾತು ಹೇಳುವಾಗ ಇವರ ದನಿ ಬೇರೆ ಇತ್ತು. ಅದು ಇವರದೇ. ನಾನು ನನ್ನದು ಅನ್ನೋ ಹಾಗೆ ಹೇಳಿಬಿಟ್ಟೆ" ಎಂದರು.

ಮಗಳು ಚಿತ್ರ ನಿಲ್ಲಿಸಿದಳು. ನನ್ನ ಕಡೆ ತಿರುಗಿದಳು. ಆಮೇಲೆ ಬಯ್ಯತೊಡಗಿದಳು. ಧೂಳಂತೆ ಧೂಳು, ನನ್ನ ಕಣ್ಣಿಗೇ ಮಣ್ಣೆರಚಿದ್ರಾ ಇಬ್ಬರೂ ಸೇರಿ, ಇಂಜೆಕ್ಷನ್ನಿಗೆ ಇಬ್ಬರು ಮುದುಕರು ಬಸ್ಸಲ್ಲಿ ಹೋಗಿ ಬರ್ತೀರಾ, ಬಿದ್ದಿದ್ರೆ, ನಾನು ಅಂತ ಒಬ್ಬಳು ಯಾಕಿದ್ದೀನಿ ಈ ಮನೇಲಿ. ನನಗೆ ಬಿದ್ದದ್ದು ಹತ್ತು ನಿಮಿಷ. ಬೀಗರಿಗೆ ಕಾಲು ಗಂಟೆ. ಅವರ ಮುಖ ನೋಡಬೇಕಿತ್ತು, ವೇದಿಕೆಗೆ ಕರೆದು ಶಾಲು ಹೊದಿಸಿದ ಹಾಗೆ ಕೂತಿದ್ದರು. ಐದು ನಿಮಿಷ ಹೆಚ್ಚು! ಹೆತ್ತ ಅಪ್ಪ ನಾನಲ್ಲವೇ?

ಆಮೇಲೆ ಮುಖ ತೊಳೆದು ಬಂದು ನಡುವೆ ಕೂತು ಚಿತ್ರ ಹಾಕಿದಳು. ನಾನು ಅವಳ ಎಡಕ್ಕೆ. ನೇರವಾಗಿ ನೋಡಿದರೆ ನಾಯಕಿ ದುಂಡುಮುಖದವಳು.

ಓದಿದೆ. ಸ್ವಲ್ಪ ಹೊತ್ತಿಗೆ ನಾಚಿಕೆಯಾಗಿ ನಿಲ್ಲಿಸಿದೆ. ಮಗಳಿಗೆ ನನಗಿಂತ ನಾಲ್ಕು ಪಾಲು ಇಂಗ್ಲಿಷ್ ಬರುತ್ತದೆ, ಕಣ್ಣೂ ಚೆನ್ನಾಗಿದೆ. ತಿರುಗಿ ನೋಡಿದರೆ ಸೋಫಾದ ಬೆನ್ನಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡಿದ್ದಳು.

"ಏನಂತೆ ಅಪ್ಪ?" ಎಂದಳು.

ಪರದೆಯ ಮೇಲಿನ ಸಾಲಿನಲ್ಲಿ ಒಂದು ಪದ ನನಗೆ ಬರುತ್ತಿರಲಿಲ್ಲ. ಅಂದಾಜು ಮಾಡಬಹುದಿತ್ತು, ಇಬ್ಬರೂ ಕಾಯುತ್ತಿದ್ದರು.

"ಗೊತ್ತಿಲ್ಲಮ್ಮ" ಎಂದೆ.

ಅವಳು ಒಂದು ಕಣ್ಣು ತೆರೆದು, ಓದಿ, ಅರ್ಥ ಹೇಳಿ, ಮತ್ತೆ ಮುಚ್ಚಿಕೊಂಡಳು. ಅಷ್ಟೇ. ಇಷ್ಟು ಸುಲಭವೆಂದು ನನಗೆ ಯಾರೂ ಹೇಳಿರಲಿಲ್ಲ.

ನವೆಂಬರ್ 10, ಸೋಮವಾರ

ಬೆಳಿಗ್ಗೆ ಮಗಳು ಚಪ್ಪಲಿ ಮೆಟ್ಟುತ್ತ "ಕಣ್ಣಿಗೆ ಡ್ರಾಪ್ಸ್ ಹಾಕಿದ್ರಾ?" ಎಂದು ಮೊದಲು ಅವರನ್ನು ಕೇಳಿದಳು. ನನ್ನ ಮಾತ್ರೆ ಎರಡನೆಯದಾಗಿ ಬಂತು, ಅದೂ ಲಿಫ್ಟಿನ ಬಾಗಿಲಿನಿಂದ. ಒಂದು ಇಂಜೆಕ್ಷನ್ನಿಗೆ ಇಷ್ಟು ಮರ್ಯಾದೆ. ಇದನ್ನು ವಿವರವಾಗಿ ಬರೆಯಬೇಕು, ಆದರೆ ಎರಡು ಗಂಟೆಯಾಯಿತು. ಬೀಗರು ಆಗಲೇ ಕೂತು ಕರೆಯುತ್ತಿದ್ದಾರೆ, ನಾನು ಹೋಗದಿದ್ದರೆ ಗೂಬೆ ಯಾವುದು, ಗೆಸ್ಟ್ ಯಾವುದು ಎಂಬುದೂ ಅವರಿಗೆ ಕಾಣುವುದಿಲ್ಲ.